ಬೆಂಗಳೂರಿನಲ್ಲಿ 22.4 ನಡೆಯಲ್ಲ

ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಅನಿಲದ ಲೆಕ್ಕ ಬಂತೆಂದರೆ ಮಕ್ಕಳ ಕೈ ಸೀದಾ 22.4ಕ್ಕೆ ಹೋಗುತ್ತದೆ. ಒಂದು ಮೋಲ್ ಅನಿಲ, ಅಂದರೆ ಅಣುತೂಕದಷ್ಟು ಗ್ರಾಂ ಅನಿಲ, 22.4 ಲೀಟರ್ ಜಾಗ ಹಿಡಿಯುತ್ತದೆ ಅನ್ನೋ ಲೆಕ್ಕ ಅದು. ಲೀಟರನ್ನು 22.4ರಿಂದ ಭಾಗಿಸು, ಅಣುತೂಕದಿಂದ ಗುಣಿಸು, ಮುಗೀತು. ನಾನೂ ಹಾಗೇ ಕಲಿತವನು. ಒಂದು ಭಾನುವಾರ, ಇದು ನಿಜವಾ ನೋಡೇಬಿಡೋಣ ಅಂತ ಕೂತೆ.

ಬೀಡಿ ಅಂಗಡಿಯ ಲೈಟರ್, ಒಂದು ಬಕೆಟ್ ನೀರು, 250 ಮಿಲಿಯ ಅಳತೆ ಸಿಲಿಂಡರ್, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ. ಒಲೆ ಆರಿಸಿ, ಕಿಟಕಿ ತೆರೆದೆ. ಲೈಟರ್ ತೂಗಿ, ನೀರಲ್ಲಿ ಮುಳುಗಿಸಿ, ಗುಂಡಿ ಒತ್ತಿ ಹಿಡಿದೆ. ಬೋರಲು ಹಾಕಿದ್ದ ಸಿಲಿಂಡರಿನೊಳಗೆ ಗುಳುಗುಳು ಅಂತ ಬ್ಯುಟೇನ್ ತುಂಬಿತು. ಒಳಗಿನ ನೀರು, ಹೊರಗಿನ ನೀರು ಸಮ ಬರುವಂತೆ ಹಿಡಿದು ಓದಿದರೆ ಸರಿಯಾಗಿ 250 ಮಿಲಿ.

ಆಮೇಲೆ ಲೈಟರ್ ತೂಗಿದರೆ ತೂಕ ಜಾಸ್ತಿಯಾಗಿದೆ! ಚಕ್ರದ ಸಂದಿಯಲ್ಲಿ ನೀರು ಕೂತಿತ್ತು. ಬಟ್ಟೆಯಲ್ಲಿ ಒರೆಸಿ, ರಾತ್ರಿಯೆಲ್ಲ ಫ್ಯಾನ್ ಕೆಳಗಿಟ್ಟೆ. ಬೆಳಗ್ಗೆ ನೋಡಿದರೆ ಕಡಿಮೆಯಾಗಿದ್ದು 0.50 ಗ್ರಾಂ.

ಈಗ ಲೆಕ್ಕ. ಬ್ಯುಟೇನಿನ ಅಣುತೂಕ 58. 22.4 ಹಿಡಿದರೆ 0.65 ಗ್ರಾಂ ಬರುತ್ತದೆ. ಇದೇನು ಚಿಲ್ಲರೆ ತಪ್ಪಲ್ಲ. 22.4 ಲೀಟರ್ ಅನ್ನೋದು 0 ಡಿಗ್ರಿ, ಒಂದು ಅಟ್ಮಾಸ್ಫಿಯರ್ ಒತ್ತಡದ ಮಾತು. ನನ್ನ ಅಡುಗೆಮನೆಯಲ್ಲಿ 27 ಡಿಗ್ರಿ, ಅಂದರೆ 300 ಕೆಲ್ವಿನ್. ಹಾಗಾಗಿ ಪಿವಿ = ಎನ್‌ಆರ್‌ಟಿ ಹಿಡಿದೆ: ಒತ್ತಡ ಗುಣಿಸು ಗಾತ್ರ ಅಂದರೆ ಮೋಲ್, 8.314 ಅನ್ನೋ ಸ್ಥಿರಾಂಕ (ಆರ್), ಕೆಲ್ವಿನ್ ತಾಪಮಾನ ಈ ಮೂರರ ಗುಣಲಬ್ಧ. ಒತ್ತಡಕ್ಕೆ ಮೊಬೈಲಿನ ಹವಾಮಾನ ಆ್ಯಪ್ ನೋಡಿದೆ: 1012 ಹೆಕ್ಟೊಪಾಸ್ಕಲ್. ಸಿಲಿಂಡರಿನಲ್ಲಿ ನೀರಾವಿಯೂ ಸೇರಿರುತ್ತದಲ್ವಾ, 27 ಡಿಗ್ರಿಯಲ್ಲಿ ಒತ್ತಡದಲ್ಲಿ ಅದರ ಪಾಲು ಸುಮಾರು 36 ಹೆಕ್ಟೊಪಾಸ್ಕಲ್. ಅದನ್ನು ಕಳೆದು ಹಾಕಿದರೂ 0.57 ಗ್ರಾಂ! ಇನ್ನೂ ಜಾಸ್ತಿಯೇ.

ಸ್ವಲ್ಪ ಹೊತ್ತು ತಲೆ ಓಡಲಿಲ್ಲ. ಆಮೇಲೆ ಹೊಳೆಯಿತು: ಆ್ಯಪ್ ಕೊಡುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಬೆಂಗಳೂರು ಇರೋದು ಸಮುದ್ರದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಫೋನಿನೊಳಗಿನ ಬ್ಯಾರೋಮೀಟರ್ ಕೇಳಿದರೆ 910 ಅಂದಿತು. ಅದರಲ್ಲಿ 36 ಕಳೆದರೆ 874, ಅಂದರೆ 87.4 ಕಿಲೋಪಾಸ್ಕಲ್. ಅದಕ್ಕೆ 0.25 ಲೀಟರ್ ಗುಣಿಸಿ, 8.314 ಮತ್ತು 300ರ ಗುಣಲಬ್ಧದಿಂದ ಭಾಗಿಸಿದರೆ 0.00876 ಮೋಲ್. 58ರಿಂದ ಗುಣಿಸಿದೆ: 0.51 ಗ್ರಾಂ.

ಉಳಿದ 0.01ಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಲೈಟರಿನಲ್ಲಿ ಬ್ಯುಟೇನಿಗಿಂತ ಹಗುರವಾದ ಪ್ರೊಪೇನ್ ಕೂಡ ಒಂದಿಷ್ಟು ಬೆರೆತಿರಬಹುದು. ಅದಲ್ಲದೆ ನನ್ನ ತಕ್ಕಡಿಗೆ ಅದಕ್ಕಿಂತ ಚಿಕ್ಕದು ಕಾಣುವುದೂ ಇಲ್ಲ.