ಏಳ್ ದಿನದ ಮಳಿ ಅಂದಾಜ ಮನ್ಯಾಗ ಕುಂತು ಹಾಕೋದು ಹೆಂಗ

ನಮ್ಮ ಕಾಕಾಂದು ಅಫಜಲಪುರ ಕಡಿ ಹೊಲ. ಆಗಸ್ಟ್ ಬಂತಂದ್ರ ದಿನಾ ಫೋನ್, "ತಮ್ಮಾ, ಹೆಸರಿನ ಕಾಯಿ ಬಿಡಸ್ಲೋ ತಡೀಲೋ?" ನಾನೇನ್ ಹವಾಮಾನ ಇಲಾಖೆಯವ್ನಲ್ಲ, ಕಲಬುರಗ್ಯಾಗ ಮಾಳಗಿ ಮ್ಯಾಲ ಮಳಿ ಬಾಟ್ಲಿ ಇಟ್ಕೊಂಡ ಹುಚ್ಚ ಅಷ್ಟೇ. ಆದ್ರ ದಿನಾ ಅರ್ಧ ತಾಸು ಕೊಟ್ರ ಈ ಅಂದಾಜ ಯಾರ್ ಬೇಕಾದ್ರೂ ಹಾಕಬಹುದು.

ಮೊದಲು ಫೋನಿನ್ಯಾಗ ಕಾಣೋ ಮೋಡದ ಚಿತ್ರ ನಂಬೋದು ಬಿಡ್ರಿ. ವಿಂಡಿ ಆಪ್ ತಗದು ಗಾಳಿ 1500 ಮೀಟರ್ ಎತ್ತರಕ್ಕ ಇಡ್ರಿ. ಮುಂಗಾರಿನ್ಯಾಗ ಪಡುವಣ ಗಾಳಿ ಜೋರ್ ಅದ ಅಂತ ಖುಷಿ ಪಡಬ್ಯಾಡ್ರಿ, ಅದು ಸಹ್ಯಾದ್ರಿ ಮ್ಯಾಲ ನೀರೆಲ್ಲ ಸುರುವಿ ನಮ್ಮ ಕಡಿ ಖಾಲಿ ಕೊಡ ಹೊತ್ಕೊಂಡು ಬರ್ತದ, ಮೋಡ ಓಡ್ತಾವ ಹನಿ ಬೀಳಂಗಿಲ್ಲ. ನಾವು ನೋಡ್ಬೇಕಾದ್ದು ಬಂಗಾಳ ಕೊಲ್ಲಿ. ಅಲ್ಲೊಂದು ಸುಳಿ ಎದ್ದು ಆಂಧ್ರ, ತೆಲಂಗಾಣ ದಾಟಿ ಬೀದರ್ ಕಡಿ ಸರೀಲಿಕತ್ತಿತಂದ್ರ ಚೀಲ ಒಳಗಿಡ್ರಿ. 2020ರ ಅಕ್ಟೋಬರ್ 13ಕ್ಕ ಕಾಕಿನಾಡ ಹತ್ರ ದಂಡಿ ಏರಿದ ವಾಯುಭಾರ ಕುಸಿತ ಹಿಂಗೇ ಬಂದಿತ್ತು, ಭೀಮಾ ದಂಡಿ ಊರುಗಳು ನೀರಾಗ ನಿಂತ್ವು. (ಹೊಳಿ ದಂಡಿಯವ್ರು ಮಹಾರಾಷ್ಟ್ರದ ಉಜನಿ ಡ್ಯಾಮಿಂದ ಎಷ್ಟ್ ನೀರ್ ಬಿಟ್ರು ಅನ್ನೋದೂ ನೋಡ್ರಿ, ಇಲ್ಲಿ ಬಿಸಲಿದ್ರೂ ಹೊಳಿ ಬರ್ತದ.)

ಇನ್ನ ಮಾಡಲ್, ಅಂದ್ರ ಕಂಪ್ಯೂಟರ್ ಹಾಕೋ ಹವಾಮಾನದ ಲೆಕ್ಕ. ಅಮೆರಿಕದ ಜಿಎಫ್ಎಸ್ ದಿನಕ್ಕ ನಾಕ್ ಸಲ ಲೆಕ್ಕ ಹಾಕ್ತದ, ಯುರೋಪಿಯನ್ ಮಾಡಲ್ಲಿಂದು ನಮ್ಮ ಟೈಮ್ ಮುಂಜಾನಿ 5:30 ಮತ್ತ ಸಂಜಿ 5:30ರ ಲೆಕ್ಕ ನೋಡ್ರಿ, ಕೈಗೆ ಸಿಗೋದು ಕೆಲವು ತಾಸು ಬಿಟ್ಟು. ಒಂದೇ ಸಲ ನೋಡಿ ಮಾತು ಕೊಡಬ್ಯಾಡ್ರಿ. ನಾ ಒಮ್ಮೆ ಒಂದೇ ಚಿತ್ರ ನೋಡಿ "ಐದ್ ದಿನ ಬಿಸಲು, ಬಿಡಿಸ್ರಿ ಕಾಕಾ" ಅಂದೆ, ಮೂರನೇ ದಿನ ರಾತ್ರಿ ಸುರೀತು, ಕಣದಾಗಿನ ಹೆಸರು ಕಾಯಿ ಒಳಗೇ ಮೊಳಕಿ ಒಡದು ಕರ್ರಗಾಯ್ತು, ಕಾಕಾ ಒಂದ್ ಮಾತೂ ಬೈಲಿಲ್ಲ ಅದಕ್ಕ ಇನ್ನೂ ಸಂಕಟ. ಈಗ ಎರಡೂ ಮಾಡಲ್ ಎರಡು ದಿವ್ಸ ಒಂದೇ ಮಾತು ಹೇಳಿದ್ರ ಮಾತ್ರ ಗಟ್ಟಿ ಹೇಳ್ತೀನಿ. ಮೊದಲ ಮೂರ್ ದಿನ ದಿನಾ ಹಿಡ್ದು ಹೇಳ್ರಿ, ಆಮ್ಯಾಲಿನ ಎರಡಕ್ಕ "ಆಗಬಹುದು" ಅನ್ರಿ, ಕಡೀ ಎರಡಕ್ಕ ಒಣಾನೋ ಹಸೀನೋ ಅಷ್ಟೇ. ಆರನೇ ದಿನಕ್ಕ 23 ಮಿಮೀ ಅಂತ ಆಪ್ ತೋರಿಸಿದ್ರ ನಕ್ಕು ಬಿಡ್ರಿ.

"ಭಾರಿ ಮಳಿ" ಅನ್ನೋದೂ ಬಾಯಿಗೆ ಬಂದಂಗ ಅನ್ನಂಗಿಲ್ಲ, ಐಎಂಡಿ (ಭಾರತದ ಹವಾಮಾನ ಇಲಾಖೆ) ಲೆಕ್ಕದಾಗ 24 ತಾಸಿನ್ಯಾಗ 64.5 ಮಿಮೀ ಮುಟ್ಟಬೇಕು.

ನಿಮ್ಮ ಅಂದಾಜ ಸರಿ ಆಯ್ತೋ ಇಲ್ಲೋ ತಿಳೀಲಿಕ್ಕ ಅಳತಿ ಬೇಕು. 2 ಲೀಟರ್ ಕೂಲ್ ಡ್ರಿಂಕ್ ಬಾಟ್ಲಿ ಕುತ್ತಿಗಿ ಕತ್ತರಿಸಿ, ಅದನ್ನೇ ತಲಿಕೆಳಗ ಮಾಡಿ ಲಾಳಿಕಿ ಹಂಗ ಇಡ್ರಿ. ತಳ ಉಬ್ಬು ತಗ್ಗು ಇರ್ತದಲ್ಲ, ಹರಳು ಹಾಕಿ ನೆಟ್ಟಗಿರೋ ಭಾಗದ ತನಕ ನೀರು ತುಂಬ್ರಿ, ಅಲ್ಲಿಂದ ಸೊನ್ನಿ ಅಂತ ಸ್ಕೇಲ್ ಅಂಟಿಸ್ರಿ. ದಿನಾ ಮುಂಜಾನಿ 8:30ಕ್ಕ ಓದಿ ಬರ್ದು, ಮತ್ತ ಸೊನ್ನಿಗೆ ತರ್ರಿ. ಬಯಲಾಗಿಟ್ರ ಚಲೋ, ನಮಗ ಅಂಗಳಿಲ್ಲ, ಮಾಳಗಿ ಮ್ಯಾಲ ಗಾಳಿಗೆ ಸ್ವಲ್ಪ ಕಮ್ಮೀನೇ ಬೀಳ್ತದ.

ಫೋನಿನ್ಯಾಗ ಬ್ಯಾರೋಮೀಟರ್ (ಗಾಳಿ ಒತ್ತಡ ಅಳಿಯೋದು) ಇದ್ರ ಅದು 960 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸ್ತದ, ಆಪ್‌ನ್ಯಾಗ 1008 ಇರ್ತದ, ಕೆಟ್ಟಿಲ್ಲ, ಆಪ್ ಸಮುದ್ರ ಮಟ್ಟದ ಲೆಕ್ಕ ಕೊಡ್ತದ, ಕಲಬುರಗಿ ಸಮುದ್ರಕ್ಕಿಂತ ಸುಮಾರು 450 ಮೀಟರ್ ಮ್ಯಾಲ ಅದ. ಒತ್ತಡ ದಿನಾ ಮುಂಜಾನಿ 10ರ ಸುಮಾರಿಗೆ ಏರಿ ಸಂಜಿ 4ಕ್ಕ ಇಳೀತದ, ಹೊಸಬ್ರು ಅದನ್ನ ನೋಡಿ ದಿನಾ ತುಫಾನ್ ಬಂತಂತಾರ. ನಿನ್ನೆ ಅದೇ ಹೊತ್ತಿನ ಜೋಡಿ ಹೋಲಿಸ್ರಿ, ಎರಡು ಮೂರು ಇಳದಿದ್ರ ಮತ್ತೊಮ್ಮೆ ಕೊಲ್ಲಿ ಕಡಿ ಕಣ್ಣು ಹಾಯಿಸ್ರಿ.

ಅವತ್ತಿನ ಮಟ್ಟಿಗೆ ಹೈದರಾಬಾದ್ ರಾಡಾರ್ ಚಲೋ, ಆದ್ರ ಇಲ್ಲಿ ಬರೋ ಹೊತ್ತಿಗೆ ಅದರ ಕಿರಣ ಮೂರು ಕಿಮೀ ಮ್ಯಾಲ ಹೋಗಿರ್ತದ, ಕೆಳಗಿನ ಸಣ್ಣ ಮಳಿ ಕಾಣಂಗಿಲ್ಲ. ಸಿಡ್ಲಿಗೆ ದಾಮಿನಿ ಆಪ್ ಇಟ್ಕೋರಿ. ಕಾಕಾ ಮಾತ್ರ ಇನ್ನೂ "ಮಘಿ ಮಳಿ ಹೂಡೇದ" ಅಂತಾರ, ಇರ್ಲಿ, ಒಂದೊಂದು ನಕ್ಷತ್ರ 13-14 ದಿನ ನಡೀತದ, ಅದ್ರಾಗ ಮಂಗಳವಾರ ಯಾವ್ದು ಅಂತ ಹೇಳಬೇಕಲ್ಲ.

ಅವರಿಗೆ ನಾ ಕಳ್ಸೋದು ಇಷ್ಟೇ: "ಸೋಮ, ಮಂಗಳ ಒಣ, ಬಿಡಿಸ್ರಿ. ಬುಧವಾರ ಸಂಜಿ ಗುಡುಗು, ತಾಡಪತ್ರಿ ಕೈಗೆ ಸಿಗೋ ಹಂಗ ಇಡ್ರಿ. ಗುರುವಾರದ್ದು ನಾಳಿ ಹೇಳ್ತೀನಿ."