ಟೊರೆಂಟ್ ಸೊನ್ನೆಯಲ್ಲೇ ನಿಂತಿದೆಯಾ? ಮೊದಲು ಐಪಿ ವಿಳಾಸ ನೋಡಿ

ಪುತ್ತರಿಗೆ (ಕೊಡಗಿನ ಸುಗ್ಗಿ ಹಬ್ಬ) ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲ ಮನೆಯಲ್ಲಿ ತೆಗೆದ ವಿಡಿಯೊ 40 ಜಿಬಿ ಆಗಿತ್ತು. ಮೈಸೂರಿನಲ್ಲಿರುವ ತಂಗಿಗೆ ಅದನ್ನು ಟೊರೆಂಟ್ (ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನೇರವಾಗಿ ಫೈಲ್ ಕಳಿಸುವ ವಿಧಾನ) ಮಾಡಿ ಲಿಂಕ್ ಕಳಿಸಿದೆ. ವಿರಾಜಪೇಟೆಯಲ್ಲಿ ನನ್ನ ಕಂಪ್ಯೂಟರ್ ರಾತ್ರಿಯಿಡೀ 'ಸೀಡಿಂಗ್' (ಫೈಲ್ ಕೊಡಲು ಸಿದ್ಧ) ಎನ್ನುತ್ತಿತ್ತು, ಅವಳ ಕಡೆ ಸೊನ್ನೆ. ಇಬ್ಬರ ನೆಟ್ಟೂ ಚೆನ್ನಾಗೇ ಇತ್ತು. ನಾವು ಬಳಸುವ ಟೊರೆಂಟ್ ಪ್ರೋಗ್ರಾಮ್ ಕ್ಯೂಬಿಟ್‌ಟೊರೆಂಟ್‌ನ ಕೆಳಗಿನ ಪಟ್ಟಿಯಲ್ಲಿ ಇಬ್ಬರಿಗೂ ಬೆಂಕಿಯ ಗುರುತು ಕಾಣುತ್ತಿತ್ತು. ಹೊರಗಿನವರು ಯಾರೂ ನಿಮ್ಮನ್ನು ನೇರವಾಗಿ ತಲುಪುತ್ತಿಲ್ಲ ಎಂದು ಅದರ ಅರ್ಥ.

ಟೊರೆಂಟ್‌ನಲ್ಲಿ ಫೈಲ್ ಇಟ್ಟುಕೊಂಡು ಹಂಚುವ ಸರ್ವರ್ ನಡುವೆ ಇರುವುದಿಲ್ಲ. ಒಬ್ಬರು ಇನ್ನೊಬ್ಬರ ಬಾಗಿಲು ತಟ್ಟಬೇಕು. ಇರುವುದೇ ಇಬ್ಬರು, ಇಬ್ಬರ ಬಾಗಿಲೂ ಹಾಕಿದ್ದರೆ ಫೈಲ್ ಕದಲುವುದಿಲ್ಲ. ಒಂದು ಕಡೆ ತೆರೆದರೂ ಸಾಕು.

ನಮ್ಮ ಕಾಫಿ ತೋಟಗಳನ್ನೇ ನೋಡಿ. ಕಾಗದದ ಮೇಲೆ ಬರೀ ತೋಟದ ಹೆಸರಿದ್ದರೆ ಅದು ಗೇಟಿನವರೆಗೆ ಬರುತ್ತದೆ. ಯಾವ ಲೈನ್ ಮನೆಗೆ (ಕೆಲಸಗಾರರ ಸಾಲು ಮನೆ) ಎಂದು ಗೇಟಿನವನಿಗೆ ಗೊತ್ತಿರಬೇಕು ಅಲ್ವಾ? ನೆಟ್‌ನಲ್ಲಿ ವಿಳಾಸದಂತೆ ಕೆಲಸ ಮಾಡುವ ನಂಬರೇ ಐಪಿ. ತೋಟದ ಹೆಸರು ನಿಮ್ಮ ಹೊರಗಿನ ಐಪಿ. ಲೈನ್ ಮನೆಯ ನಂಬರು 192.168.1.5 ಥರದ ಒಳಗಿನ ಐಪಿ. ಗೇಟಿನವನು ರೂಟರ್, ಅಂದರೆ ಮನೆಯೊಳಗೆ ನೆಟ್ ಹಂಚುವ ಪೆಟ್ಟಿಗೆ.

ಈಗ ಪರೀಕ್ಷೆ. ಬ್ರೌಸರ್‌ನಲ್ಲಿ 192.168.1.1 ಹಾಕಿ ರೂಟರ್ ಒಳಗೆ ಹೋಗಿ (ಕೆಲವದರಲ್ಲಿ ಈ ನಂಬರು ಬೇರೆ, ಪೆಟ್ಟಿಗೆಯ ಹಿಂದೆ ಬರೆದಿರುತ್ತದೆ). ಅಲ್ಲಿ 'ವ್ಯಾನ್ ಐಪಿ' (WAN IP, ರೂಟರ್‌ನ ಹೊರಬದಿಯ ವಿಳಾಸ) ಎಂದಿರುವುದನ್ನು ಬರೆದುಕೊಳ್ಳಿ. ಆಮೇಲೆ 'ನನ್ನ ಐಪಿ ಯಾವುದು' ಎಂದು ಗೂಗಲ್‌ನಲ್ಲಿ ಹುಡುಕಿ, ಅಲ್ಲಿ ಸಿಗುವ ನಂಬರಿಗೆ ಹೋಲಿಸಿ.

ಎರಡೂ ಒಂದೇ ಆಗಿದ್ದರೆ ಕೆಲಸ ನಿಮ್ಮ ಕೈಯಲ್ಲೇ ಇದೆ. ಟೊರೆಂಟ್ ಸೆಟ್ಟಿಂಗ್ಸ್‌ನ 'ಕನೆಕ್ಷನ್' ಪುಟದಲ್ಲಿ ಯುಪಿಎನ್‌ಪಿ (UPnP, ರೂಟರ್‌ನ ಬಾಗಿಲನ್ನು ತಾನಾಗಿಯೇ ತೆಗೆಸುವ ಸೌಲಭ್ಯ) ಟಿಕ್ ಮಾಡಿ. ರೂಟರ್‌ನಲ್ಲೂ ಅದು ಆನ್ ಇರಲಿ. ಆಗಲಿಲ್ಲವೆಂದರೆ ಅದೇ ಪುಟದಲ್ಲಿರುವ ಪೋರ್ಟ್ ನಂಬರನ್ನು (ಟೊರೆಂಟ್ ಬಳಸುವ ಬಾಗಿಲಿನ ನಂಬರು) ರೂಟರ್‌ನ 'ಪೋರ್ಟ್ ಫಾರ್ವರ್ಡಿಂಗ್'ನಲ್ಲಿ ನಿಮ್ಮ ಕಂಪ್ಯೂಟರ್‌ನ ಒಳಗಿನ ಐಪಿಗೆ ಕಟ್ಟಿ. ಟಿಸಿಪಿ, ಯುಡಿಪಿ ಎಂಬ ಎರಡೂ ಸಾಗಣೆ ವಿಧಾನಗಳಿಗೂ. ವಿಂಡೋಸ್ ಫೈರ್‌ವಾಲ್‌ನಲ್ಲೂ ಟೊರೆಂಟ್‌ಗೆ ಅನುಮತಿ ಕೊಡಿ.

ನಮ್ಮ ಕಡೆ ಮುಖ್ಯವಾದ ಮಾತು ಇಲ್ಲಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಪ್ರತಿಸಲ ರೂಟರ್ ಹೊಸದಾಗಿ ಶುರುವಾದಾಗ ಹೊರಗಿನ ಐಪಿ ಬದಲಾಗಬಹುದು. ಅದಕ್ಕೆ ಚಿಂತೆ ಬೇಡ, ಟೊರೆಂಟ್ ಪ್ರೋಗ್ರಾಮೇ ಟ್ರ್ಯಾಕರ್‌ಗೆ (ಯಾರ ಹತ್ತಿರ ಫೈಲ್ ಇದೆ ಎಂದು ವಿಳಾಸ ಮಾತ್ರ ಇಟ್ಟುಕೊಳ್ಳುವ ಸರ್ವರ್) ಹೊಸ ವಿಳಾಸ ತಿಳಿಸುತ್ತದೆ, ಸ್ವಲ್ಪ ಹೊತ್ತು ಕಾಯಬೇಕು ಅಷ್ಟೆ. ಒಳಗಿನ ಐಪಿ ಬದಲಾದರೆ ಮಾತ್ರ ಕಷ್ಟ. ನಿನ್ನೆ 192.168.1.5 ಆಗಿದ್ದ ಕಂಪ್ಯೂಟರ್ ಇವತ್ತು 192.168.1.8 ಆಗಿರುತ್ತದೆ. ರೂಟರ್ ಪಾಪ, 5ನೇ ಮನೆಗೇ ಕಾಗದ ಹಾಕುತ್ತಿರುತ್ತದೆ. ಅದಕ್ಕೇ ರೂಟರ್‌ನ ಡಿಎಚ್‌ಸಿಪಿ (ಒಳಗಿನ ಐಪಿ ಹಂಚುವ) ಪುಟಕ್ಕೆ ಹೋಗಿ ನಿಮ್ಮ ಕಂಪ್ಯೂಟರಿಗೆ ಒಂದೇ ಐಪಿ ಕಾದಿರಿಸಿ. ಐದು ನಿಮಿಷದ ಕೆಲಸ, ತಪ್ಪದೆ ಮಾಡಿ.

ಎರಡು ನಂಬರೂ ಬೇರೆ ಬೇರೆ, ಅದರಲ್ಲೂ ವ್ಯಾನ್ ಐಪಿ 100.64ರಿಂದ 100.127ರ ಒಳಗೆ ಶುರುವಾಗುತ್ತಿದೆಯಾ? ಹಾಗಾದರೆ ರೂಟರ್‌ನಲ್ಲಿ ಸುಮ್ನೆ ಒದ್ದಾಡಬೇಡಿ. ಹಳೆಯ ಮಾದರಿಯ (ಐಪಿವಿ4) ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಮುಗಿಯಿತು. ಹಾಗಾಗಿ ನೆಟ್ ಕೊಡುವವರು ಎಷ್ಟೋ ಮನೆಗಳಿಗೆ ಒಂದೇ ವಿಳಾಸ ಹಂಚುತ್ತಾರೆ. ಆ ಗೇಟು ಅವರ ಕೈಯಲ್ಲಿದೆ. ಅವರಲ್ಲಿ 'ಪಬ್ಲಿಕ್ ಐಪಿ' ಕೇಳಿ, ಅದಕ್ಕೆ ಜಾಸ್ತಿ ದುಡ್ಡು ಆಗಬಹುದು. ಇಲ್ಲವೇ ಎರಡೂ ಕಡೆ ಹೊಸ ಮಾದರಿಯ ಐಪಿ, ಅಂದರೆ ಐಪಿವಿ6 ಇದೆಯಾ ನೋಡಿ. ಅದರಲ್ಲಿ ವಿಳಾಸಕ್ಕೆ ಬರವಿಲ್ಲ, ಪ್ರತಿ ಕಂಪ್ಯೂಟರಿಗೂ ಸ್ವಂತದ್ದೇ ಸಿಗುತ್ತದೆ. ರೂಟರ್‌ನ ಫೈರ್‌ವಾಲ್‌ನಲ್ಲಿ ಪೋರ್ಟ್ ಬಿಡಬೇಕಾಗಬಹುದು.

ಒಂದು ಎಚ್ಚರಿಕೆ: ಅದೇ ಫೈಲ್ ಹಂಚುತ್ತಿರುವ ಎಲ್ಲರಿಗೂ ನಿಮ್ಮ ಹೊರಗಿನ ಐಪಿ ಕಾಣುತ್ತದೆ. ನಿಮ್ಮದೇ ಫೈಲ್, ಇಲ್ಲವೇ ಡೆಬಿಯನ್‌ನಂತೆ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಮುಕ್ತವಾಗಿ ಹಂಚಲು ಬಿಟ್ಟಿರುವುದನ್ನು ಮಾತ್ರ ಹಾಕಿ.

ನನ್ನ ವ್ಯಾನ್ ಐಪಿ 100.72 ಎಂದು ಶುರುವಾಗುತ್ತಿತ್ತು. ತಂಗಿಯ ಎರಡು ನಂಬರೂ ಒಂದೇ ಇದ್ದವು. ಫೋನಿನಲ್ಲೇ ಹೇಳಿಕೊಟ್ಟು ಅವಳ ಕಡೆ ಪೋರ್ಟ್ ತೆಗೆಸಿದೆ. ನನ್ನ ಕಡೆ ಬೆಂಕಿಯ ಗುರುತು ಹಾಗೇ ಉಳಿಯಿತು, ಆದರೆ ಫೈಲ್ ಹೊರಟಿತು. ಮಾರನೇ ದಿನ ಬೆಳಗಿನ ಕಾಫಿ ಹೊತ್ತಿಗೆ ಅವಳು ಪುತ್ತರಿ ಕೋಲಾಟ ನೋಡುತ್ತಿದ್ದಳು.