ಪೊಲೀಸ್ ವಶದಲ್ಲಿ ಸಾವು: ತನಿಖೆ ಹೇಗೆ ನಡೆಯಬೇಕು, ಕಡತವನ್ನು ಅಭಿಯೋಜಕರು ಹೇಗೆ ಓದಬೇಕು

ಪೊಲೀಸರ ವಶದಲ್ಲಿದ್ದ ವ್ಯಕ್ತಿ ಮೃತಪಟ್ಟರೆ ಎರಡು ಪ್ರಕ್ರಿಯೆಗಳು ಏಕಕಾಲಕ್ಕೆ ಆರಂಭವಾಗಬೇಕು. ಸಾವಿನ ಕಾರಣ ಹುಡುಕುವ ಮ್ಯಾಜಿಸ್ಟ್ರೇಟರ ವಿಚಾರಣೆ ಒಂದು, ಅಪರಾಧ ಎಸಗಿದವರನ್ನು ಗುರುತಿಸುವ ಕ್ರಿಮಿನಲ್ ತನಿಖೆ ಇನ್ನೊಂದು. ಮೊದಲನೆಯದು ಮುಗಿದರೆ ಎಲ್ಲವೂ ಮುಗಿಯಿತೆಂದು ಭಾವಿಸಿ ಎರಡನೆಯದನ್ನು ಕೈಬಿಡುವ ಕುಟುಂಬಗಳಿಗಾಗಿ ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ 24 ಗಂಟೆ

ಸಾವು ಸಂಭವಿಸಿದ 24 ಗಂಟೆಗಳೊಳಗೆ ಜಿಲ್ಲಾಧಿಕಾರಿ ಮತ್ತು ಪೊಲೀಸ್ ವರಿಷ್ಠಾಧಿಕಾರಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಮಾಡಬೇಕೆಂಬ ಸೂಚನೆ 1993ರಿಂದಲೂ ಇದೆ. ಶವವನ್ನು ಪರೀಕ್ಷೆಗೆ ಕಳುಹಿಸಲು ಕಾನೂನು ನೀಡಿರುವ ಅವಧಿಯೂ 24 ಗಂಟೆಗಳೇ. ತಡವಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ಮರಣೋತ್ತರ ಪರೀಕ್ಷೆಯ ವಿಡಿಯೊ ಚಿತ್ರೀಕರಣ ಆಗಬೇಕೆಂಬುದು ಆಯೋಗದ ನಿಲುವು. ವೈದ್ಯರು ಬರೆಯುವ ಗಾಯದ ಅಳತೆ, ಬಣ್ಣ ಮತ್ತು ವಯಸ್ಸಿನ ಮೇಲೆಯೇ ಮುಂದಿನ ಇಡೀ ಪ್ರಕರಣ ನಿಲ್ಲುವುದರಿಂದ, ಅಂತ್ಯಕ್ರಿಯೆಗೆ ಮುನ್ನ ಈ ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ಕುಟುಂಬದವರು ಖಚಿತಪಡಿಸಿಕೊಳ್ಳಲೇಬೇಕು.

ಮ್ಯಾಜಿಸ್ಟ್ರೇಟರ ವಿಚಾರಣೆ

ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಗೆ (ಸಿಆರ್‌ಪಿಸಿ) 2005ರಲ್ಲಿ ಮಾಡಿದ ತಿದ್ದುಪಡಿಯ ಮೂಲಕ ಈ ಹೊಣೆ ನ್ಯಾಯಾಂಗ ಮ್ಯಾಜಿಸ್ಟ್ರೇಟರಿಗೆ ಬಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮು ಇದನ್ನು ಮುಂದುವರಿಸಿದೆ. ಸಾಧ್ಯವಿರುವಲ್ಲೆಲ್ಲ ಸಂಬಂಧಿಕರಿಗೆ ತಿಳಿಸಿ, ವಿಚಾರಣೆಯಲ್ಲಿ ಹಾಜರಿರಲು ಅವರಿಗೆ ಅವಕಾಶ ಕೊಡಬೇಕು. ಆ ಹಕ್ಕನ್ನು ಕೇಳಿ ಪಡೆಯಿರಿ.

ಕಡತದಲ್ಲಿ ಏನನ್ನು ನೋಡಬೇಕು

ಅಮೆರಿಕದ ಹಲವೆಡೆ ಪೊಲೀಸರ ಬಲಪ್ರಯೋಗದ ಕಡತವನ್ನು ಪರಿಶೀಲಿಸಿ ಮೊಕದ್ದಮೆ ಹೂಡಬೇಕೇ ಎಂದು ಜಿಲ್ಲಾ ಅಭಿಯೋಜಕರೇ (ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು) ನಿರ್ಧರಿಸುತ್ತಾರೆ. ನಮ್ಮಲ್ಲಿ ಆರೋಪಪಟ್ಟಿ ಸಲ್ಲಿಸುವವರು ತನಿಖಾಧಿಕಾರಿಗಳು. ಹಾಗಿದ್ದರೂ ನ್ಯಾಯಾಲಯದಲ್ಲಿ ಪ್ರಕರಣವನ್ನು ನಡೆಸಬೇಕಾದ ಅಭಿಯೋಜಕರು ಕಡತದ ದೌರ್ಬಲ್ಯಗಳನ್ನು ಮೊದಲೇ ಗುರುತಿಸದಿದ್ದರೆ, ಆ ಕೆಲಸವನ್ನು ಆರೋಪಿಯ ಪರ ವಕೀಲರು ಮಾಡುತ್ತಾರೆ.

ಓದು ಸಮಯದಿಂದ ಆರಂಭವಾಗಬೇಕು. ವ್ಯಕ್ತಿಯನ್ನು ನಿಜವಾಗಿ ಯಾವಾಗ ಕರೆದೊಯ್ದರು, ಬಂಧನವನ್ನು ಯಾವಾಗ ದಾಖಲಿಸಿದರು? ಬಂಧನದ ನಿಯಮಗಳನ್ನು ರೂಪಿಸಿದ, ಡಿ.ಕೆ. ಬಸು ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಂಧನದ ಟಿಪ್ಪಣಿಗೆ ಕುಟುಂಬದವರೊಬ್ಬರು ಅಥವಾ ಸ್ಥಳೀಯ ಗಣ್ಯರೊಬ್ಬರು ಸಾಕ್ಷಿಯಾಗಿ ಸಹಿ ಹಾಕಿರಬೇಕು. ವಶದಲ್ಲಿರುವ ವ್ಯಕ್ತಿಗೆ 48 ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ನಡೆಯಬೇಕು. ಬಂಧನದ ವೇಳೆ ಇಲ್ಲದ ಗಾಯ ಮರಣೋತ್ತರ ವರದಿಯಲ್ಲಿ ಕಂಡರೆ, ಆ ನಡುವಿನ ಅವಧಿಗೆ ಠಾಣೆಯವರೇ ವಿವರಣೆ ನೀಡಬೇಕು. ಠಾಣಾ ದಿನಚರಿ, ಕರ್ತವ್ಯದ ಪಟ್ಟಿ, ಆಸ್ಪತ್ರೆಗೆ ಸೇರಿಸಿದ ಸಮಯ ಇವನ್ನೆಲ್ಲ ಒಂದರ ಪಕ್ಕ ಒಂದಿಟ್ಟು ಹೋಲಿಸಬೇಕು. ಠಾಣೆಗಳ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ; ಆದ್ದರಿಂದ ಅವುಗಳಿಗಾಗಿ ಲಿಖಿತ ಅರ್ಜಿಯನ್ನು ಕೂಡಲೇ ಸಲ್ಲಿಸುವುದು ಜಾಣತನ. ಸಹೋದ್ಯೋಗಿಗಳ ವಿರುದ್ಧ ಪೊಲೀಸರು ಸಾಕ್ಷಿ ನುಡಿಯುವುದು ಅಪರೂಪವಾದ್ದರಿಂದ ದಾಖಲೆಗಳೇ ಮುಖ್ಯ ಸಾಕ್ಷ್ಯವಾಗುತ್ತವೆ. ವಶದಲ್ಲಿದ್ದಾಗ ಆದ ಗಾಯಕ್ಕೆ ಪೊಲೀಸರನ್ನೇ ಹೊಣೆಯೆಂದು ಭಾವಿಸಲು ನ್ಯಾಯಾಲಯಕ್ಕೆ ಅವಕಾಶ ನೀಡುವ ನಿಯಮವನ್ನು ಕಾನೂನು ಆಯೋಗ 1985ರಲ್ಲೇ ಶಿಫಾರಸು ಮಾಡಿತ್ತು. 2023ರ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಅದು ಸೇರದಿರುವುದು ದೊಡ್ಡ ಲೋಪವೆಂದೇ ನಾನು ಭಾವಿಸುತ್ತೇನೆ.

ಎನ್‌ಕೌಂಟರ್ ಸಾವುಗಳಿಗೆ 2014ರ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಅನ್ವಯಿಸುತ್ತದೆ: ಎಫ್‌ಐಆರ್ ಕಡ್ಡಾಯ, ತನಿಖೆ ಸಿಐಡಿ ಅಥವಾ ಬೇರೆ ಠಾಣೆಯ ತಂಡದಿಂದ.

ಪೂರ್ವಾನುಮತಿ

ಪ್ರಕರಣಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯವಾದರೆ, ಪೊಲೀಸರ ವಿರುದ್ಧ ಮೊಕದ್ದಮೆ ನಡೆಸಲು ಸರ್ಕಾರದ ಅನುಮತಿ ಬೇಕು. ಅಧಿಕಾರದ ಮಿತಿ ಮೀರಿದ್ದರೂ ಕರ್ತವ್ಯದೊಂದಿಗೆ ಸಂಬಂಧವಿದ್ದರೆ ಈ ರಕ್ಷಣೆ ಸಿಗುತ್ತದೆಂದು ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಆದರೆ ಗಲಭೆ ಹತ್ತಿಕ್ಕುವಾಗಿನ ಬಲಪ್ರಯೋಗವೂ ಲಾಕಪ್ಪಿನೊಳಗೆ ಕೈದಿಯನ್ನು ಹೊಡೆಯುವುದೂ ಒಂದೇ ಅಲ್ಲವೆಂದು ಅದೇ ನ್ಯಾಯಾಲಯ 2000ರಲ್ಲಿ ಕೇರಳದ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಅಭಿಯೋಜಕರು ಈ ವ್ಯತ್ಯಾಸವನ್ನು ಗಟ್ಟಿಯಾಗಿ ಮಂಡಿಸಬೇಕು. ಹೊಸ ಸಂಹಿತೆಯ 218ನೇ ಕಲಮಿನಂತೆ ಸರ್ಕಾರ 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ದೊರೆತಂತೆಯೇ. ಹೀಗಾಗಿ ಕೋರಿಕೆ ತಲುಪಿದ ದಿನಾಂಕದ ದಾಖಲೆಯನ್ನು ಜೋಪಾನವಾಗಿಡಬೇಕು.

ತನಿಖಾಧಿಕಾರಿ ಬಿ ರಿಪೋರ್ಟ್ (ಪ್ರಕರಣವನ್ನು ಮುಕ್ತಾಯಗೊಳಿಸುವಂತೆ ಕೋರುವ ವರದಿ) ಸಲ್ಲಿಸಿದರೆ ದೂರುದಾರರಿಗೆ ನೋಟಿಸ್ ಬರುತ್ತದೆ. ಆಗ ಆಕ್ಷೇಪಣಾ ಅರ್ಜಿ ಸಲ್ಲಿಸಬಹುದು. ಮ್ಯಾಜಿಸ್ಟ್ರೇಟರು ಬಿ ರಿಪೋರ್ಟನ್ನು ತಿರಸ್ಕರಿಸಿ ಪ್ರಕರಣವನ್ನು ಪರಿಗಣನೆಗೆ ತೆಗೆದುಕೊಳ್ಳಬಹುದು ಅಥವಾ ಹೆಚ್ಚಿನ ತನಿಖೆಗೆ ಆದೇಶಿಸಬಹುದು. ವಿಚಾರಣೆ ಶುರುವಾದ ಮೇಲೆ ನ್ಯಾಯಾಲಯದ ಅನುಮತಿ ಪಡೆದು, ಅಭಿಯೋಜಕರಿಗೆ ನೆರವಾಗಲು ಕುಟುಂಬ ತನ್ನದೇ ವಕೀಲರನ್ನು ನೇಮಿಸಿಕೊಳ್ಳಬಹುದು.